ಶುಗರ್ ಇರೋ ಕಾಲಿಗೆ ಗೆಜ್ಜೆ ಕಟ್ಟೋದು: ಬರಿಗಾಲೇ ಆಗ್ಬೇಕಾ, ಶೂ ಹಾಕಿದ್ರೆ ಅಪಚಾರನಾ?

ಪ್ರಶ್ನೆ: ಮೇಡಂ ನಮಸ್ತೆ. ನನಗೆ 49 ವರ್ಷ, ಊರು ದಾವಣಗೆರೆ. ಹೈಸ್ಕೂಲಲ್ಲಿ ಇದ್ದಾಗ ಭರತನಾಟ್ಯ ಜೂನಿಯರ್ ಪರೀಕ್ಷೆ ಮುಗಿಸಿದ್ದೆ, ಆಮೇಲೆ ಮದುವೆ ಮಕ್ಕಳು ಅಂತ ಬಿಟ್ಟೇಹೋಗಿತ್ತು, ಈಗ ಎರಡು ವರ್ಷದಿಂದ ಮತ್ತೆ ಕ್ಲಾಸಿಗೆ ಹೋಗ್ತಿದೀನಿ. ಶುಗರ್ ಬಂದು ಹನ್ನೊಂದು ವರ್ಷ ಆಯ್ತು. ಹೋದ ತಿಂಗಳು ಕ್ಲಾಸಲ್ಲಿ ಪಾದಕ್ಕೆ ಸೇಫ್ಟಿ ಪಿನ್ ಚುಚ್ಚಿದೆ, ನನಗೆ ಗೊತ್ತೇ ಆಗಿಲ್ಲ, ಮನೆಗೆ ಬಂದು ನೆಲದ ಮೇಲೆ ರಕ್ತದ ಕಲೆ ನೋಡಿದಾಗಲೇ ತಿಳಿದಿದ್ದು. ಡಾಕ್ಟ್ರು ಮನೆ ಒಳಗೂ ಬರಿಗಾಲಲ್ಲಿ ಓಡಾಡ್ಬೇಡಿ ಅಂದ್ರು. ನಮ್ಮ ಗುರುಗಳು ಗೆಜ್ಜೆ ಕಟ್ಟಿದ ಕಾಲಿಗೆ ಚಪ್ಪಲಿ ಶೂ ಅನ್ನೋದು ನಮ್ಮಲ್ಲಿ ಇಲ್ಲ, ಬೇಕಾದ್ರೆ ಸಾಕ್ಸ್ ಹಾಕ್ಕೋ ಅಂತಾರೆ. ಅತ್ತೆ ಅಂತೂ ನಟರಾಜನ ಮುಂದೆ ಮೆಟ್ಟು ಹಾಕ್ಕೊಂಡು ಕುಣಿಯೋದಾ ಅಂತ ಬೇಜಾರು ಮಾಡ್ಕೊಂಡಿದ್ದಾರೆ. ಕ್ಲಾಸಲ್ಲಿ ಒಬ್ರು ಬರಿಗಾಲಲ್ಲಿ ತಟ್ಟಿದ್ರೆ ಆಕ್ಯುಪ್ರೆಶರ್ ಆಗಿ ಶುಗರ್ ಇಳಿಯತ್ತೆ ಅಂತಾರೆ. ಬರೋ ಜಾತ್ರೆಗೆ ದೇವಸ್ಥಾನದ ಪ್ರಾಂಗಣದಲ್ಲಿ ನಮ್ಮ ಗುಂಪಿನ ಕಾರ್ಯಕ್ರಮ ಇದೆ, ಬೆಳಿಗ್ಗೆ ಹನ್ನೊಂದಕ್ಕೆ. ಡ್ಯಾನ್ಸ್ ಬಿಡೋಕೆ ಮನಸ್ಸಿಲ್ಲ, ಗುರುಗಳ ಮಾತು ಮೀರೋಕೂ ಮನಸ್ಸಿಲ್ಲ. ಏನ್ ಮಾಡ್ಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಸೇರ್ಕೊಂಡಿವೆ, ಒಂದು ಕಾಲಿಂದು, ಇನ್ನೊಂದು ಮರ್ಯಾದೆದು. ನಾನು ಫಿಸಿಯೋಥೆರಪಿಸ್ಟ್, ಚಿಕ್ಕಂದಿನಿಂದ ಭರತನಾಟ್ಯ ಕಲ್ತವಳು, ನನ್ನ ಹತ್ರ ಬರೋರಲ್ಲಿ ಹೆಚ್ಚಿನೋರು ಡ್ಯಾನ್ಸ್ ಮಾಡೋರೇ, ಹಾಗಾಗಿ ಈ ಎರಡೂ ಚಿಂತೆ ನನಗೆ ಅರ್ಥ ಆಗತ್ತೆ. ಮೊದಲು ಕಾಲಿನ ವಿಷಯ ಹೇಳ್ತೀನಿ, ಯಾಕಂದ್ರೆ ಅತ್ತೆ, ಗುರುಗಳ ಜೊತೆ ಮಾತಾಡೋಕೆ ಇನ್ನೂ ಟೈಮ್ ಇದೆ, ಕಾಲನ್ನ ಹಾಗೆ ಕಾಯ್ಸೋಕಾಗಲ್ಲ.

ಪಿನ್ ಚುಚ್ಚಿ ರಕ್ತ ಬಂದ್ರೂ ಗೊತ್ತಾಗಲಿಲ್ಲ ಅಂದ್ರಲ್ಲ, ಅದು ಕುಣಿಯೋ ಮೈಮರೆವಲ್ಲಿ ಆಗಿದ್ದು ಅಂತ ದಯವಿಟ್ಟು ಅಂದ್ಕೋಬೇಡಿ. ಶುಗರ್ ಬಹಳ ವರ್ಷ ಏರುಪೇರಾಗ್ತಾ ಇದ್ರೆ ನರಗಳು ಹಾಳಾಗ್ತಾ ಬರತ್ತೆ, ಮೈಯಲ್ಲಿ ಎಲ್ಲಕ್ಕಿಂತ ಉದ್ದದ ನರಗಳು ಕಾಲ್ಬೆರಳಿಗೆ ಹೋಗೋವು, ಹಾಗಾಗಿ ಮೊದಲು ಏಟು ತಿನ್ನೋದು ಬೆರಳು, ಅಂಗಾಲು. ಕೆಲವರಿಗೆ ಉರಿ, ಜೋಮು, ಸೂಜಿ ಚುಚ್ಚಿದ ಹಾಗೆ ಶುರುವಾಗತ್ತೆ, ಇನ್ನು ಕೆಲವರಿಗೆ ಏನೂ ಅನಿಸೋದೇ ಇಲ್ಲ, ಸುಮ್ಮನೆ ಸ್ಪರ್ಶ ಹೋಗ್ಬಿಟ್ಟಿರತ್ತೆ. ಬೆವರು ತರೋ ನರಗಳೂ ಸೋತು ಚರ್ಮ ಒಣಗಿ ಹಿಮ್ಮಡಿ ಒಡೆಯತ್ತೆ, ಪಾದದ ಒಳಗಿನ ಸಣ್ಣ ಸ್ನಾಯುಗಳು ಬಲ ಕಳ್ಕೊಂಡು ಬೆರಳು ಸ್ವಲ್ಪ ಮಡಚಿಕೊಳ್ಳತ್ತೆ, ಆಗ ಭಾರ ಎಲ್ಲಾ ಬೆರಳಿನ ಬುಡದ ಗಟ್ಟಿ ಜಾಗದ ಮೇಲೆ ಬೀಳತ್ತೆ. ನಾವು ತಟ್ಟಡವು, ಕುದಿತ್ತು ಮೆಟ್ಟಡವು ಅಂತ ಪಾದ ನೆಲಕ್ಕೆ ತಟ್ಟೋ ಅಡವುಗಳನ್ನ, ಅಂದ್ರೆ ಮೂಲ ಹೆಜ್ಜೆಗಳನ್ನ ಮಾಡೋವಾಗ ಅದೇ ಜಾಗನೇ ಸಾವಿರ ಸಲ ನೆಲಕ್ಕೆ ಹೊಡೆಯೋದು.

ನಮ್ಮ ಡ್ಯಾನ್ಸಿನವರಲ್ಲಿ ಒಂದು ನಂಬಿಕೆ ಇದೆ, ಅಂಗಾಲು ಗಟ್ಟಿಯಾಗಿ ಆಣಿ ಕಟ್ಟಿದ್ರೆ ಅದು ಸಾಧನೆ ಗುರುತು, ಅದೇ ರಕ್ಷಣೆ ಅಂತ. ಸ್ಪರ್ಶ ಸರಿ ಇರೋ ಕಾಲಿಗೆ ಆ ಮಾತು ನಡೆಯತ್ತೆ. ನಿಮ್ಮಂಥ ಕಾಲಲ್ಲಿ ಅದು ಉಲ್ಟಾ, ಆ ಗಟ್ಟಿ ಚರ್ಮ ಒಳಗಡೆ ಇರೋ ಮೆತ್ತನೆ ಭಾಗವನ್ನ ಒತ್ತಿ ಒತ್ತಿ ಕೆಳಗೇ ಗಾಯ ಮಾಡತ್ತೆ, ಮೇಲಿಂದ ಏನೂ ಕಾಣಲ್ಲ, ನೋವೂ ಬರಲ್ಲ, ಒಂದಿನ ಕೀವು ಬಂದಾಗ ಗೊತ್ತಾಗತ್ತೆ. ಅದನ್ನ ಮನೆಯಲ್ಲಿ ಬ್ಲೇಡ್ ಹಾಕಿ ಕೆರೆಯೋಕೆ ಹೋಗ್ಬೇಡಿ, ಅಂಗಡಿಯಲ್ಲಿ ಸಿಗೋ ಆಣಿ ಪಟ್ಟಿನೂ ಅಂಟಿಸ್ಬೇಡಿ.

ಈಗ ನೀವು ಮೊದಲು ಮಾಡಬೇಕಾಗಿರೋದು ಒಂದು ಚಿಕ್ಕ ಪರೀಕ್ಷೆ. ಮಾನೋಫಿಲಮೆಂಟ್ ಅಂತ 10 ಗ್ರಾಂ ಒತ್ತಡಕ್ಕೆ ಬಗ್ಗೋ ನೈಲಾನ್ ಎಳೆ ಇರತ್ತೆ, ಕಣ್ಣು ಮುಚ್ಚಿಸಿ ಅಂಗಾಲಿನ ಬೇರೆ ಬೇರೆ ಜಾಗಕ್ಕೆ ಮುಟ್ಟಿಸಿ ಗೊತ್ತಾಯ್ತಾ ಅಂತ ಕೇಳ್ತಾರೆ, 128 ಹರ್ಟ್ಜ್ ಟ್ಯೂನಿಂಗ್ ಫೋರ್ಕ್ ಇಟ್ಟು ಕಂಪನ ತಿಳಿಯತ್ತಾ ನೋಡ್ತಾರೆ, ಪಾದದ ಮೇಲೆ ಮತ್ತು ಹರಡಿನ ಪಕ್ಕ ನಾಡಿ ಹಿಡಿದು ರಕ್ತ ಸರಿಯಾಗಿ ಹೋಗ್ತಿದೆಯಾ ನೋಡ್ತಾರೆ. ಕೆಲವೇ ನಿಮಿಷದ ಕೆಲಸ, ನೋವಿಲ್ಲ. ನಿಮ್ಮ ಡಾಕ್ಟ್ರು ಇದನ್ನ ಮಾಡಿಯೇ ಹೇಳಿದ್ರಾ ಅಥವಾ ಪಿನ್ ಕಥೆ ಕೇಳಿ ಹೇಳಿದ್ರಾ ಪತ್ರದಲ್ಲಿ ಇಲ್ಲ. ಮಾಡಿಲ್ಲ ಅಂದ್ರೆ ಮಾಡ್ಸಿ, ಯಾಕಂದ್ರೆ ಮುಂದಿನ ಎಲ್ಲಾ ಮಾತೂ ಅದರ ಮೇಲೆ ನಿಂತಿದೆ. ಹಾಗೇ ಆ ಪಿನ್ ಚುಚ್ಚಿದ ಜಾಗ ಪೂರ್ತಿ ಮಾಗಿದೆಯಾ ಅಂತ ಬೆಳಕಲ್ಲಿ ಬೇರೆಯವರ ಕೈಲಿ ನೋಡ್ಸಿ, ಅದು ಮಾಗೋವರೆಗೆ ತಟ್ಟೋದು ಬೇಡ.

ಆಕ್ಯುಪ್ರೆಶರ್ ಮಾತು ಸುಳ್ಳು, ಅದರ ಬಗ್ಗೆ ಜಾಸ್ತಿ ಬರೆಯಲ್ಲ. ಡ್ಯಾನ್ಸ್ ಮಾಡಿದ್ರೆ ಶುಗರ್ ಇಳಿಯೋದು ನಿಜ, ಆದ್ರೆ ಅದು ಅರಮಂಡಿಯಲ್ಲಿ, ಅಂದ್ರೆ ಮಂಡಿ ಬಗ್ಗಿಸಿ ಅರ್ಧ ಕೂತ ಭಂಗಿಯಲ್ಲಿ, ತೊಡೆ ಸ್ನಾಯು ದುಡಿದು ರಕ್ತದ ಗ್ಲುಕೋಸ್ ಬಳಸಿಕೊಳ್ಳೋದ್ರಿಂದ, ಅಂಗಾಲು ನೆಲಕ್ಕೆ ಬಡಿಯೋದ್ರಿಂದ ಅಲ್ಲ. ಕಾಲಿಗೆ ಶೂ ಹಾಕಿ ಕುಣಿದ್ರೂ ಅಷ್ಟೇ ಇಳಿಯತ್ತೆ.

ಸಾಕ್ಸ್ ವಿಷಯಕ್ಕೆ ಬರ್ತೀನಿ. ಗುರುಗಳು ಪ್ರೀತಿಯಿಂದಲೇ ಒಂದು ಮಧ್ಯದ ದಾರಿ ಹೇಳಿದ್ದಾರೆ, ಆದ್ರೆ ನಿಮಗೆ ಅದು ದಾರಿ ಅಲ್ಲ. ಡಯಾಬಿಟಿಕ್ ಪಾದದ ಬಗ್ಗೆ ಇರೋ ಅಂತರರಾಷ್ಟ್ರೀಯ ಮಾರ್ಗಸೂಚಿ ಸ್ಪರ್ಶ ಹೋದವರಿಗೆ ಹೇಳೋದು ಬರಿಗಾಲು ಬೇಡ, ಬರೀ ಸಾಕ್ಸಲ್ಲೂ ನಡೀಬೇಡಿ, ತೆಳು ಸೋಲಿನ ಸ್ಲಿಪ್ಪರ್ರೂ ಬೇಡ, ಮನೆ ಒಳಗೂ ಅಷ್ಟೇ, ಹೊರಗೂ ಅಷ್ಟೇ ಅಂತ. ಕಾರಣ ಕಷ್ಟದ್ದಲ್ಲ, ಪಿನ್ ಸಾಕ್ಸ್ ದಾಟಿ ಹೋಗತ್ತೆ, ಬಿಸಿ ಕಲ್ಲಿನ ಶಾಖ ದಾಟಿ ಬರತ್ತೆ, ತಟ್ಟಿದ ಏಟು ಹಾಗೇ ಬೀಳತ್ತೆ, ಮೇಲಿಂದ ಟೈಲ್ಸ್ ನೆಲದಲ್ಲಿ ಜಾರಿ ಬೀಳೋ ಭಯ ಬೇರೆ. ಕೆಳಗೆ ರಬ್ಬರ್ ಚುಕ್ಕಿ ಇರೋ ಯೋಗ ಸಾಕ್ಸ್ ಜಾರೋದನ್ನ ತಪ್ಪಿಸತ್ತೆ, ಉಳಿದಿದ್ದೆಲ್ಲಾ ಅದೇ ಕಥೆ. ಡ್ಯಾನ್ಸಿನವರು ಹಾಕೋ, ಬೆರಳಿನ ಬುಡಕ್ಕೆ ಮಾತ್ರ ಬರೋ ಅರ್ಧ ಪಟ್ಟಿನೂ ಸಾಕಾಗಲ್ಲ.

ಈಗ ಮರ್ಯಾದೆ ವಿಷಯ. ಇದನ್ನ ಅತ್ತೆದು ಮೂಢನಂಬಿಕೆ ಅಂತ ತಳ್ಳಿಹಾಕೋಕೆ ನಾನು ತಯಾರಿಲ್ಲ. ಬರಿಗಾಲಲ್ಲಿ ಕುಣಿಯೋದಕ್ಕೆ ನಮ್ಮಲ್ಲಿ ಗಟ್ಟಿ ಕಾರಣಗಳಿವೆ, ಅವನ್ನ ಬೇರೆ ಬೇರೆ ಮಾಡಿ ನೋಡಿದ್ರೆ ನಿಮ್ಮ ಸಮಸ್ಯೆ ಅರ್ಧ ಬಗೆಹರಿಯತ್ತೆ.

ಮೊದಲನೇದು ಕಲೆಯದೇ ಕಾರಣ. ನಾಟ್ಯಶಾಸ್ತ್ರದಲ್ಲಿ ಪಾದಕ್ಕೆ ಐದು ಭೇದ ಹೇಳಿದೆ, ಉದ್ಘಟ್ಟಿತ, ಸಮ, ಅಗ್ರತಲಸಂಚರ, ಅಂಚಿತ, ಕುಂಚಿತ, ಇವೆಲ್ಲಾ ಹಿಮ್ಮಡಿ ಎಲ್ಲಿದೆ ಬೆರಳು ಎಲ್ಲಿದೆ ಅನ್ನೋ ಲೆಕ್ಕ, ಪಾದ ಕಂಡ್ರೆ ತಾನೇ ನೋಡೋರಿಗೆ ಗೊತ್ತಾಗೋದು. ಬರಿ ಅಂಗಾಲು ಮರದ ನೆಲಕ್ಕೆ ಬಿದ್ದ ಸದ್ದು ಗೆಜ್ಜೆ ಜೊತೆ ಸೇರಿ ತಾಳ ಆಗತ್ತೆ. ಕೂಚಿಪುಡಿಯ ತರಂಗದಲ್ಲಿ ಹಿತ್ತಾಳೆ ತಟ್ಟೆ ಅಂಚಿನ ಮೇಲೆ ನಿಂತು ಕುಣಿಯೋದು, ಸಿಂಹನಂದಿನಿಯಲ್ಲಿ ಹರಡಿದ ಪುಡಿ ಮೇಲೆ ಪಾದದಿಂದಲೇ ಸಿಂಹ ಬರೆಯೋದು, ಇದನ್ನ ಶೂ ಹಾಕ್ಕೊಂಡು ಮಾಡೋಕಾಗಲ್ಲ. ಈ ಕಾರಣ ನಿಜ, ಶೂ ಹಾಕಿದ್ರೆ ನೀವು ಏನೋ ಒಂದನ್ನ ಕಳ್ಕೊಳ್ತೀರಿ, ಅದನ್ನ ಮುಚ್ಚಿಟ್ಟು ಸಮಾಧಾನ ಹೇಳೋಕೆ ನನಗೆ ಇಷ್ಟ ಇಲ್ಲ. ಆದ್ರೆ ಇದು ಅಂದದ ಪ್ರಶ್ನೆ, ಅಪಚಾರದ ಪ್ರಶ್ನೆ ಅಲ್ಲ.

ಎರಡನೇದು ಜಾಗದ ಗೌರವ. ರಂಗ ಅಂದ್ರೆ ದೇವರ ಜಾಗ, ಕ್ಲಾಸ್ ಶುರುವಾಗೋ ಮುಂಚೆ ಭೂಮಿಗೆ ನಮಸ್ಕಾರ, ಪಾದಸ್ಪರ್ಶಂ ಕ್ಷಮಸ್ವ ಮೇ ಅಂತ ಹೇಳ್ಕೊಂಡೇ ಕಾಲಿಡೋದು. ಬೀದಿಯಲ್ಲಿ, ಬಚ್ಚಲಲ್ಲಿ, ಬಸ್ ಸ್ಟ್ಯಾಂಡಲ್ಲಿ ತುಳಿದು ಬಂದ ಚಪ್ಪಲಿ ಬಾಗಿಲಾಚೆ ಬಿಡೋದು ಅಡುಗೆಮನೆಗೂ ಇರೋ ನಿಯಮ, ರಂಗಕ್ಕೆ ಇರದೇ ಇರತ್ತಾ. ಅತ್ತೆ ಹೇಳ್ತಿರೋದು ಇದೇ, ಅವರ ಮನಸ್ಸಲ್ಲಿ ಇರೋದು ಬೀದಿ ಮೆಟ್ಟು. ಡ್ಯಾನ್ಸ್ ಹಾಲಿನ ಒಳಗೇ ಇದ್ದು, ಹೊರಗಿನ ಮಣ್ಣು ಒಂದು ದಿನವೂ ಮುಟ್ಟದ ಬಟ್ಟೆ ಶೂ ಬಗ್ಗೆ ಅವರು ಯೋಚ್ನೆ ಮಾಡಿರಲ್ಲ, ಯಾಕಂದ್ರೆ ಅಂಥದ್ದು ಅವರು ನೋಡೇ ಇಲ್ಲ.

ಮೂರನೇದು ಚರ್ಮ. ಚರ್ಮ ಮೈಲಿಗೆ ಅನ್ನೋ ಮಾತು ನಮ್ಮ ರಂಗದ ಮೇಲೆ ಯಾವತ್ತೂ ನಿಂತಿಲ್ಲ ನೋಡಿ. ಮೃದಂಗದ ಮುಚ್ಚಿಗೆ ಚರ್ಮದ್ದು, ಅದು ಗರ್ಭಗುಡಿ ಎದುರೇ ನುಡಿಯತ್ತೆ. ಅಭಿನಯ ದರ್ಪಣ ಅನ್ನೋ ಹಳೇ ನಾಟ್ಯಗ್ರಂಥದಲ್ಲಿ ಗೆಜ್ಜೆ ಲಕ್ಷಣ ಹೇಳೋವಾಗ ಕಂಚಿನ ಗೆಜ್ಜೆನ ನೀಲಿ ದಾರದಲ್ಲಿ ಕಟ್ಟಿ ಒಂದೊಂದು ಕಾಲಿಗೆ ನೂರೋ ಇನ್ನೂರೋ ಅಂತ ಇದೆ, ಇವತ್ತು ನಮ್ಮಲ್ಲಿ ಬಹಳ ಜನ ಕಟ್ಟೋದು ಚರ್ಮದ ಪಟ್ಟಿಗೆ ಹೊಲಿದ ಗೆಜ್ಜೆನ, ಅದಕ್ಕೇ ಅರಿಶಿನ ಕುಂಕುಮ ಇಟ್ಟು ಗೆಜ್ಜೆ ಪೂಜೆ ಮಾಡಿ ಕಣ್ಣಿಗೆ ಒತ್ಕೊಳ್ತೀವಿ. ಇನ್ನು ಚರ್ಮ ಮೈಲಿಗೆ ಅನ್ನೋ ಮಾತಿನ ಹಿಂದೆ ಅದನ್ನ ಹದ ಮಾಡೋ, ಹೊಲಿಯೋ ಜನರನ್ನ ದೂರ ಇಟ್ಟ ಕಥೆನೂ ಇದೆ, ಅದನ್ನ ಹೇಳದೇ ಇದ್ರೆ ತಪ್ಪಾಗತ್ತೆ. 12ನೇ ಶತಮಾನದ ಕಲ್ಯಾಣದಲ್ಲಿ ಶರಣ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆ ಚರ್ಮದಿಂದಲೇ ಚಮ್ಮಾವುಗೆ ಮಾಡಿ ತಂದಾಗ, ಇದನ್ನ ಮೆಟ್ಟೋ ಯೋಗ್ಯತೆ ನನಗಿಲ್ಲ ಅಂತ ಬಸವಣ್ಣನವರು ತಲೆ ಮೇಲಿಟ್ಟುಕೊಂಡ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ರಾಮಾಯಣದಲ್ಲಿ ಭರತ ಸಿಂಹಾಸನದ ಮೇಲಿಟ್ಟು ರಾಜ್ಯ ಆಳಿದ್ದು ಪಾದುಕೆನೇ. ಮಠಗಳಲ್ಲಿ ಪಾದುಕೆಗೆ ಪೂಜೆ ನಡೆಯತ್ತೆ. ಭಿಕ್ಷಾಟನ ಶಿವನ ಮೂರ್ತಿಗಳಲ್ಲಿ ಅವನ ಕಾಲಿಗೆ ಪಾದುಕೆ ಕೆತ್ತಿರ್ತಾರೆ, ಅಂದ್ರೆ ಕುಣಿಯೋ ದೇವರೇ ಊರೂರು ತಿರುಗೋವಾಗ ಮೆಟ್ಟು ಹಾಕ್ಕೊಂಡಿದ್ದಾನೆ.

ಭಕ್ತಿಯ ಕುಣಿತ ಎಲ್ಲಾ ಬರಿಗಾಲಿಂದೇ ಅನ್ನೋದೂ ಪೂರ್ತಿ ನಿಜ ಅಲ್ಲ. ನಮ್ಮ ಕಂಸಾಳೆ, ವೀರಗಾಸೆ, ಪೂಜಾ ಕುಣಿತದವರು ಬರಿಗಾಲಲ್ಲಿ ಕುಣೀತಾರೆ, ಕರಾವಳಿಯ ಭೂತ ಕೋಲದಲ್ಲಿ ಬರಿಗಾಲಿಗೆ ಗಗ್ಗರ ಕಟ್ತಾರೆ. ಆದ್ರೆ ಲಡಾಖಿನ ಹೆಮಿಸ್ ಮಠದಲ್ಲಿ ಭಿಕ್ಷುಗಳು ಮಾಡೋ ಛಾಮ್ ಅನ್ನೋ ಮುಖವಾಡದ ಕುಣಿತ ಪೂಜೆಯೇ, ಅದನ್ನ ಮಾಡೋದು ದಪ್ಪ ಬೂಟು ಹಾಕ್ಕೊಂಡು, ಆ ಚಳಿಯಲ್ಲಿ ಇನ್ನೇನ್ ಮಾಡ್ತಾರೆ. ಅಷ್ಟು ದೂರ ಹೋಗೋದು ಬೇಡ ಅಂದ್ರೆ ನಮ್ಮ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದಲ್ಲಿ ಟಿಬೆಟನ್ನರ ಹೊಸ ವರ್ಷದ ಲೋಸಾರ್ ಹಬ್ಬದ ಹೊತ್ತಿಗೆ ಛಾಮ್ ನೋಡ್ಬಹುದು. ಆಯಾ ಜಾಗದ ಹವೆ, ನೆಲ, ಕಾಲಿನ ಕಷ್ಟ ನೋಡಿ ಪದ್ಧತಿ ಬೆಳೆದಿರತ್ತೆ.

ನರ್ತಕಿ, ನಟಿ ಸುಧಾ ಚಂದ್ರನ್ ಅವರ ವಿಷಯ ನಿಮ್ಮ ಅತ್ತೆಗೂ ಗೊತ್ತಿರತ್ತೆ, ಟಿವಿಯಲ್ಲಿ ನೋಡಿರ್ತಾರೆ. 1981ರ ಅಪಘಾತದಲ್ಲಿ ಬಲಗಾಲು ಹೋಯ್ತು, 1984ರಲ್ಲಿ ಜೈಪುರ ಕಾಲು ಅನ್ನೋ ಕೃತಕ ಕಾಲು ಹಾಕ್ಕೊಂಡು ಮತ್ತೆ ಭರತನಾಟ್ಯದ ವೇದಿಕೆ ಹತ್ತಿದ್ರು. ಜೈಪುರ ಕಾಲು ಮಾಡಿದ್ದೇ ನಮ್ಮ ಜನ ಬರಿಗಾಲಲ್ಲಿ ನಡೀತಾರೆ, ಕುಕ್ಕರಗಾಲಲ್ಲಿ ಕೂರ್ತಾರೆ, ಚಕ್ಕಂಬಕ್ಕಳ ಹಾಕ್ತಾರೆ ಅನ್ನೋದನ್ನ ಲೆಕ್ಕಕ್ಕೆ ಇಟ್ಕೊಂಡು. ಆ ರಬ್ಬರ್ ಪಾದ ರಂಗಕ್ಕೆ ತಾಗಿದ್ದನ್ನ ಯಾರೂ ಅಪಚಾರ ಅನ್ನಲಿಲ್ಲ, ಕೈ ಮುಗಿದ್ರು. ದೇಹಕ್ಕೆ ಬೇಕಾದ ಸಾಧನ ಅದು, ನಿಮ್ಮ ಶೂನೂ ಅದೇ ಜಾತಿಗೆ ಸೇರಿದ್ದು ಅಂತ ನನ್ನ ಖಚಿತ ಅಭಿಪ್ರಾಯ.

ಇದನ್ನ ಓದಿ ಬೇರೆಯವರು ಹಾಗಾದ್ರೆ ಎಲ್ಲರೂ ಶೂ ಹಾಕೋಣ ಅಂದ್ಕೋಬಾರದು. ಕಾಲು ಚೆನ್ನಾಗಿರೋ ಮಕ್ಕಳು ಬರಿಗಾಲಲ್ಲೇ ಕಲೀಬೇಕು ಅನ್ನೋದೇ ನನ್ನ ಮಾತು, ಆದ್ರೆ ಸಿಮೆಂಟ್ ಮೇಲೆ ನೇರವಾಗಿ ಟೈಲ್ಸ್ ಹಾಕಿರೋ ನೆಲ ಬೇಡ, ಕೆಳಗೆ ಸ್ವಲ್ಪ ಗಾಳಿ ಜಾಗ ಬಿಟ್ಟ ಮರದ ನೆಲ ಇರ್ಬೇಕು. ಎಷ್ಟೋ ಹಿಮ್ಮಡಿ ನೋವು, ಮಂಡಿ ನೋವು ಬರೋದು ನೆಲದಿಂದ, ಬೈಸಿಕೊಳ್ಳೋದು ಮಾತ್ರ ಕಾಲು.

ಇನ್ನು ನಿಮ್ಮ ಮುಂದಿರೋ ದಾರಿಗಳು. ಪರೀಕ್ಷೆಯಲ್ಲಿ ಸ್ಪರ್ಶ, ನಾಡಿ ಎಲ್ಲಾ ಸರಿ ಇದೆ ಅಂತ ಬಂದ್ರೆ, ಗಾಯನೂ ಮಾಗಿದ್ರೆ, ಡಾಕ್ಟ್ರ ಒಪ್ಪಿಗೆ ತಗೊಂಡು ಗುಡಿಸಿ ಒರೆಸಿದ ಮರದ ನೆಲದಲ್ಲಿ ಬರಿಗಾಲಲ್ಲಿ ಮಾಡ್ಬಹುದು, ವರ್ಷಕ್ಕೊಮ್ಮೆ ಪರೀಕ್ಷೆ ಮತ್ತೆ ಮಾಡಿಸ್ತಾ ಇರ್ಬೇಕು. ಆದ್ರೆ ಪಿನ್ ಕಥೆ ಕೇಳಿದ್ಮೇಲೆ ಹಾಗೆ ಬರತ್ತೆ ಅಂತ ನನಗೆ ಅನಿಸ್ತಿಲ್ಲ.

ಸ್ಪರ್ಶ ಕಮ್ಮಿ ಇದೆ, ಗಾಯ ಇಲ್ಲ ಅಂದ್ರೆ ಡ್ಯಾನ್ಸಿಗೆ ಅಂತಲೇ ಒಂದು ಶೂ. ಬಟ್ಟೆ ಅಥವಾ ಕ್ಯಾನ್ವಾಸಿಂದು, ಬೆರಳು ಹರಡೋ ಅಷ್ಟು ಅಗಲ ಮುಂಭಾಗ, ಒಳಗೆ ಚುಚ್ಚೋ ಹೊಲಿಗೆ ಇರಬಾರದು, ಹಿಮ್ಮಡಿ ಎತ್ತರ ಇಲ್ಲದ ಚಪ್ಪಟೆ ಸೋಲು, ಬೆರಳಿನ ಬುಡದ ಹತ್ರ ಬಗ್ಗಬೇಕು ಆದ್ರೆ ಬಟ್ಟೆ ಹಿಂಡಿದ ಹಾಗೆ ತಿರುಚೋಕೆ ಬರಬಾರದು. ಸಂಜೆ ಹೊತ್ತು ಹೋಗಿ ತಗೊಳ್ಳಿ, ಆಗ ಪಾದ ಸ್ವಲ್ಪ ಊದಿರತ್ತೆ. ಒಳಗೆ ಹತ್ತಿ ಸಾಕ್ಸ್ ಹಾಕ್ಕೊಳ್ಳಿ, ಪ್ರತಿ ಸಲ ಹಾಕೋ ಮುಂಚೆ ಕೈ ಒಳಗೆ ಬಿಟ್ಟು ಕಲ್ಲು, ಪಿನ್, ಮಡಚಿದ ಬಟ್ಟೆ ಇದೆಯಾ ತಡವಿ ನೋಡಿ. ಮೊದಲ ದಿನ ಹದಿನೈದು ನಿಮಿಷ ಸಾಕು, ಬಿಚ್ಚಿ ನೋಡಿ, ಎಲ್ಲಾದ್ರೂ ಕೆಂಪಾಗಿದ್ದು ಅರ್ಧ ಗಂಟೆ ಆದ್ರೂ ಹೋಗಿಲ್ಲ ಅಂದ್ರೆ ಆ ಶೂ ನಿಮ್ಮದಲ್ಲ. ಇದರಲ್ಲೂ ಅಪಾಯ ಇಲ್ಲ ಅಂತಲ್ಲ, ರಬ್ಬರ್ ಸೋಲು ನೆಲ ಹಿಡ್ಕೊಂಡುಬಿಡತ್ತೆ, ನೀವು ಭ್ರಮರಿ ಸುತ್ತೋವಾಗ ಮೈ ತಿರುಗಿ ಪಾದ ಅಲ್ಲೇ ನಿಂತ್ರೆ ಮಂಡಿ ತಿರುಚತ್ತೆ, ಅದಕ್ಕೇ ಆಳದ ಗೀರು ಇಲ್ಲದ ಸೋಲು ಬೇಕು, ಭ್ರಮರಿ ನಿಧಾನಕ್ಕೆ, ಪಾದ ಎತ್ತಿ ಎತ್ತಿ ಹೆಜ್ಜೆಯಲ್ಲಿ ಸುತ್ತಿ. ನೆಲ ಗೊತ್ತಾಗದ ಪಾದಕ್ಕೆ ಬ್ಯಾಲೆನ್ಸೂ ಕಮ್ಮಿ, ಒಂಟಿಗಾಲ ಭಂಗಿಗಳನ್ನ ಗೋಡೆ ಪಕ್ಕ ಅಭ್ಯಾಸ ಮಾಡಿ. ತಟ್ಟೋದು ಹಗುರಾಗಿರ್ಲಿ, ಗೆಜ್ಜೆ ಸದ್ದು ಮಾಡತ್ತೆ, ಪಾದ ಬಡಿದು ಸದ್ದು ಮಾಡ್ಬೇಕಾಗಿಲ್ಲ.

ಗೆಜ್ಜೆ ಬಗ್ಗೆ ಎರಡು ಮಾತು. ಬಿಗಿ ಕಟ್ಟಿದ್ರೂ ನಿಮಗೆ ಗೊತ್ತಾಗಲ್ಲ, ಹಾಗಾಗಿ ಕೆಳಗೆ ಮೆತ್ತನೆ ಬಟ್ಟೆ ಸುತ್ತಿ, ಪಟ್ಟಿ ಒಳಗೆ ಒಂದು ಬೆರಳು ಹೋಗೋ ಹಾಗೆ ಕಟ್ಟಿ, ಬಿಚ್ಚಿದ ಮೇಲೆ ಗುರುತು ನೋಡಿ. ಇನ್ನೊಂದು ಕೈಕಾಲಿಗೆ ಹಚ್ಚೋ ಕೆಂಪು ಬಣ್ಣ ಆಲ್ತಾ, ಇದನ್ನ ಯಾರೂ ಯೋಚ್ನೆ ಮಾಡಲ್ಲ. ನೋವು ತಿಳಿಯದ ಕಾಲಿಗೆ ಕೆಂಪು ಬಣ್ಣವೇ ಎಚ್ಚರಿಕೆ, ಅದರ ಮೇಲೆ ಕೆಂಪು ಬಳಿದ್ರೆ ಉರಿಯೂತ ಶುರುವಾಗಿದ್ದೂ ಕಾಣಲ್ಲ, ಪಾದದ ಬಣ್ಣ ಹೋಗೋಕೆ ದಿನಗಟ್ಟಲೆ ಬೇಕು. ನೀವು ಕೈಗೆ ಹಚ್ಕೊಳ್ಳಿ, ಕಾಲಿಗೆ ಬೇಡ. ಹಾಗೇ ಗ್ರೀನ್ ರೂಮ್ ನೆಲದಲ್ಲಿ ಹೇರ್‌ಪಿನ್ನು ಸೇಫ್ಟಿ ಪಿನ್ನು ಚೆಲ್ಲಿರತ್ತೆ, ಅಲ್ಲಿ ಶೂ ಬಿಚ್ಚಲೇಬೇಡಿ, ಗೆಜ್ಜೆನ ರಂಗಕ್ಕೆ ಹೋಗೋ ಕಡೇ ಗಳಿಗೆಯಲ್ಲಿ ಕಟ್ಟಿ, ಆಗ ಗೆಜ್ಜೆ ಕಟ್ಕೊಂಡು ಬಾತ್‌ರೂಮಿಗೆ ಹೋದ್ರು ಅನ್ನೋ ಮಾತೂ ಬರಲ್ಲ.

ಜಾತ್ರೆ ಕಾರ್ಯಕ್ರಮ ಹನ್ನೊಂದಕ್ಕೆ ಅಂದ್ರಿ, ಬಿಸಿಲಿಗೆ ಬಿದ್ದ ಕಲ್ಲು ಹಾಸು ಆ ಹೊತ್ತಿಗೆ ಸುಡ್ತಿರತ್ತೆ. ಬೇರೆಯವರು ಕಾಲು ಎತ್ತಿ ಎತ್ತಿ ಇಡ್ತಾರೆ, ನೀವು ಸುಟ್ಟು ಗುಳ್ಳೆ ಬಂದ್ರೂ ಕುಣೀತಾ ಇರ್ತೀರಿ. ಅಲ್ಲಿ ದೇವಸ್ಥಾನದ ನಿಯಮ ಶೂ ಬೇಡ ಅಂದ್ರೆ ಬೇಡವೇ, ಅದನ್ನ ಮುರಿಯೋ ಮಾತು ನಾನು ಹೇಳಲ್ಲ, ಆದ್ರೆ ಬರಿಗಾಲಲ್ಲಿ ಅಡವು ಮಾಡೋದೂ ಬೇಡ. ಸ್ಲಾಟ್ ಸೂರ್ಯ ಮುಳುಗಿದ ಮೇಲೆ ಕೊಡ್ತಾರಾ ಕೇಳಿ. ಒಂದು ದೇವರನಾಮಕ್ಕೆ ಕೂತು ಅಭಿನಯ ಮಾಡಿ, ಇಲ್ಲಾ ತಾಳ ಹಾಕಿ ಜತಿ ಹೇಳೋ ನಟ್ಟುವಾಂಗಕ್ಕೆ ಕೂತ್ಕೊಳ್ಳಿ. ಕೂತು ಮಾಡೋದು ಕಮ್ಮಿ ಅಂತ ದಯವಿಟ್ಟು ಅಂದ್ಕೋಬೇಡಿ, ನಮ್ಮ ಮೈಸೂರು ಪರಂಪರೆ ಹೆಸರಾಗಿದ್ದೇ ಅಭಿನಯಕ್ಕೆ, ಜಟ್ಟಿ ತಾಯಮ್ಮ, ಅವರ ಶಿಷ್ಯೆ ವೆಂಕಟಲಕ್ಷಮ್ಮ ಅವರನ್ನ ಜನ ನೆನೆಸ್ಕೊಳ್ಳೋದು ಪದ, ಜಾವಳಿ ಹಾಡುಗಳಲ್ಲಿ ಅವರ ಕಣ್ಣು, ಮುಖ, ಕೈ ಹೇಳ್ತಿದ್ದ ಮಾತಿಗೆ. ಚಪ್ಪಲಿ ಸ್ಟ್ಯಾಂಡಿಂದ ಕೂರೋ ಜಾಗದವರೆಗೆ ನಡೆಯೋದಕ್ಕೆ ದಪ್ಪ ಹತ್ತಿ ಸಾಕ್ಸ್ ಹಾಕಿ, ಗುಡಿಸಿದ ನೆರಳಿನ ದಾರಿ ನೋಡ್ಕೊಂಡು, ಒಬ್ಬರನ್ನ ಜೊತೆಗೆ ಇಟ್ಕೊಂಡು ಹೋಗಿ, ಬಂದ ತಕ್ಷಣ ಪಾದ ನೋಡಿ. ಇದು ಪೂರ್ತಿ ಸೇಫ್ ಅಲ್ಲ, ಅಪಾಯ ಕಮ್ಮಿ ಅಷ್ಟೆ, ಸ್ಪರ್ಶ ಬಹಳ ಹೋಗಿದೆ ಅಂತ ಡಾಕ್ಟ್ರು ಹೇಳಿದ್ರೆ ವೀಲ್‌ಚೇರ್ ಕೇಳೋದಕ್ಕೂ ಸಂಕೋಚ ಬೇಡ.

ಗುರುಗಳ ಹತ್ರ ಕ್ಲಾಸಿನ ನಡುವೆ, ಬೇರೆ ಮಕ್ಕಳ ಮುಂದೆ ಈ ಮಾತು ತೆಗೀಬೇಡಿ. ಬೇರೆ ಹೊತ್ತಲ್ಲಿ ಹೋಗಿ, ಡಾಕ್ಟ್ರ ಚೀಟಿ ತೋರ್ಸಿ, ಪಿನ್ ಕಥೆ ಹೇಳಿ, ಅದು ನಡೆದಿದ್ದು ಅವರ ಹಾಲಲ್ಲೇ ಅಲ್ವಾ, ಅವರಿಗೆ ಗಾಬರಿ ಆಗೇ ಆಗತ್ತೆ. ಶೂ ಹೊಸದಾಗಿ ತಂದು ಅವರ ಕೈಗೇ ಕೊಡಿ, ಇದು ಹಾಲಿನ ಕಪಾಟಲ್ಲೇ ಇರತ್ತೆ, ಹೊರಗೆ ಒಂದು ಹೆಜ್ಜೆ ಇಡಲ್ಲ ಅಂತ ಹೇಳಿ. ನಮಸ್ಕಾರಕ್ಕೆ ಶೂ ಬೇಡ ಅನಿಸಿದ್ರೆ, ಅಂಚಲ್ಲಿ ಸ್ಟೂಲ್ ಮೇಲೆ ಕೂತು, ಬಗ್ಗಿ ಕೈಯಿಂದ ನೆಲ ಮುಟ್ಟಿ ಕಣ್ಣಿಗೆ ಒತ್ಕೊಂಡು ಆಮೇಲೆ ಶೂ ಹಾಕಿ. ನಾನು ನೋಡಿದ ಹಾಗೆ ಹೆಚ್ಚಿನ ಗುರುಗಳು ಇಷ್ಟಕ್ಕೆ ಒಪ್ತಾರೆ. ಒಪ್ಪದೇ ಇದ್ರೆ ಆ ಕ್ಲಾಸಲ್ಲಿ ಅಭಿನಯ, ತಾಳ, ಹಾಡು ಕಲೀರಿ, ಅಡವುಗಳನ್ನ ಮನೆಯಲ್ಲಿ ಶೂ ಹಾಕಿ ಮಾಡಿ. ಅತ್ತೆಗೆ ಆ ಪಿನ್ ಚುಚ್ಚಿದ ಜಾಗ ಒಂದ್ಸಲ ತೋರ್ಸಿ, ಪಾದ ದಿನಾ ನೋಡೋಕೆ ನಿಮಗೆ ಒಬ್ಬರ ಕಣ್ಣು ಬೇಕು, ಆ ಕೆಲಸ ಅವರಿಗೇ ಒಪ್ಪಿಸಿ.

ಬೆರಳ ಸಂದಿ, ಅಂಗಾಲು, ಹಿಮ್ಮಡಿ ದಿನಾ ರಾತ್ರಿ ನೋಡ್ಬೇಕು, ಒಣಗಿದ ಕಡೆ ಕ್ರೀಮ್ ಹಚ್ಚಿ, ಬೆರಳ ಸಂದಿಗೆ ಹಚ್ಬೇಡಿ. ಒಂದು ಪಾದ ಇನ್ನೊಂದಕ್ಕಿಂತ ಬಿಸಿಯಾಗಿ, ಕೆಂಪಾಗಿ ಊದಿಕೊಂಡ್ರೆ ನೋವಿಲ್ಲ ಅಂತ ಸುಮ್ಮನಿರ್ಬೇಡಿ, ಒಳಗೆ ಮೂಳೆ ಕುಸೀತಿರ್ಬಹುದು, ಆ ಕಾಲಿನ ಮೇಲೆ ಭಾರ ಹಾಕದೇ ಅವತ್ತೇ ಡಾಕ್ಟ್ರ ಹತ್ರ ಹೋಗಿ. ಗಾಯ, ಕೀವು, ಕಪ್ಪಾದ ಬೆರಳು ಕಂಡ್ರೂ ಹಾಗೇ. ಮಾನೋಫಿಲಮೆಂಟ್ ಪರೀಕ್ಷೆ ಆದ್ಮೇಲೆ ಪಾದದ ಯಾವ ಯಾವ ಜಾಗದಲ್ಲಿ ಗೊತ್ತಾಗಲಿಲ್ಲ ಅಂತ ಬರೆದು ಕಳ್ಸಿ, ಶೂ ಒಳಗಿನ ಮೆತ್ತೆ ಎಲ್ಲಿ ದಪ್ಪ ಇರ್ಬೇಕು, ಯಾವ ಅಡವು ಮಾಡ್ಬಹುದು, ಯಾವುದು ಸದ್ಯಕ್ಕೆ ಬೇಡ ಅಂತ ಅದನ್ನ ನೋಡಿ ಹೇಳ್ತೀನಿ.